ಕಾವಿನ ಕಬ್ಬಿಣಕ್ಕೆ ಹೂಬಳ್ಳಿ ಬಂದದ್ದು ಹೇಗೆ

ನ್ಯೂಯಾರ್ಕ್, ಬಾಸ್ಟನ್, ಶಿಕಾಗೊ ನಗರಗಳಲ್ಲಿ ನೂರು ವರ್ಷ ದಾಟಿದ ಮನೆಗಳ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಕೊಂಡು, ಬೀಡುಕಬ್ಬಿಣದ ಗಿಡ್ಡ ಕಂಬಗಳ ಸಾಲೊಂದು ನಿಂತಿರುತ್ತದೆ. ಅದರ ಒಳಗೆಲ್ಲ ಪೊಳ್ಳು. ನೆಲಮಾಳಿಗೆಯ ಬಾಯ್ಲರಿನಿಂದ ಏರಿ ಬಂದ ಹಬೆ ಈ ಪೊಳ್ಳನ್ನು ತುಂಬುತ್ತದೆ, ತನ್ನ ಶಾಖವನ್ನು ಕಬ್ಬಿಣಕ್ಕೆ ಕೊಟ್ಟು ನೀರಾಗುತ್ತದೆ, ಎಷ್ಟೋ ಮನೆಗಳಲ್ಲಿ ಬಂದ ಕೊಳವೆಯಲ್ಲೇ ಇಳಿದು ಮತ್ತೆ ಬಾಯ್ಲರ್ ಸೇರುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಚಳಿಗಾಲದ ಬೆಳಗಿನ ಜಾವ ಈ ರೇಡಿಯೇಟರ್ ಗಾಳಿ ಬಿಡುವ ಸುಯ್ಯೆಂಬ ಸದ್ದು ಚೆನ್ನಾಗಿ ಗೊತ್ತು. ರೇಡಿಯೇಟರನ್ನು ಲಾರಿ, ಕಾರುಗಳ ಮುಂಭಾಗದಲ್ಲಷ್ಟೇ ಕಂಡವರಿಗೆ ಇದರ ಮೈ ನೋಡಿದರೆ ಆಶ್ಚರ್ಯವಾದೀತು. ಕಂಬದಿಂದ ಕಂಬಕ್ಕೆ ಸುರುಳಿ ಸುತ್ತಿದ ಎಲೆಗಳು, ಬಳ್ಳಿಗಳು, ಚಿಪ್ಪಿನಾಕಾರದ ತಲೆಗಟ್ಟು, ಪ್ರಾಣಿಯ ಪಾದದಂತೆ ಬಾಗಿದ ಕಾಲು. ಕೋಣೆ ಬೆಚ್ಚಗಿಡುವ ಒಂದು ಉಪಕರಣಕ್ಕೆ ಇಷ್ಟೆಲ್ಲ ಏಕೆ ಬೇಕಿತ್ತು? ವಿಕ್ಟೋರಿಯನ್ ಕಾಲದವರಿಗೆ ಅಲಂಕಾರದ ಹುಚ್ಚು, ಸಿಕ್ಕಿದ್ದಕ್ಕೆಲ್ಲ ಹೂ ಅಂಟಿಸುತ್ತಿದ್ದರು ಎಂದು ಹೇಳಿ ಮುಗಿಸುವುದು ರೂಢಿ. ಈ ಉತ್ತರ ಸಾಲದು ಎಂಬುದು ನನ್ನ ವಾದ. ಆ ಹೂಬಳ್ಳಿಗೆ ಖಚಿತವಾದ ಕೆಲಸವೊಂದಿತ್ತು. ಕಾರ್ಖಾನೆಯ ಯಂತ್ರದ ಒಂದು ಅಂಗವನ್ನು ನಡುಮನೆಗೆ ತಂದು, ಬೆಂಕಿಗೂಡಿನ ಸ್ಥಾನದಲ್ಲಿ ಕೂರಿಸಿ, ಮನೆಯವರಿಂದ ಒಪ್ಪಿಗೆ ಪಡೆಯಬೇಕಿತ್ತು. ಆ ಕೆಲಸ ಮುಗಿದ ದಶಕದಲ್ಲೇ ಹೂಬಳ್ಳಿಯೂ ಮಾಯವಾಯಿತು.

ಹಬೆಯಿಂದ ಕೋಣೆ ಕಾಯಿಸುವ ಯೋಚನೆ ಹಳೆಯದು. ಜೇಮ್ಸ್ ವಾಟ್ 1784ರಲ್ಲೇ ತನ್ನ ಕಚೇರಿಯ ಕೋಣೆಯನ್ನು ಹಬೆಯಿಂದ ಬೆಚ್ಚಗೆ ಮಾಡಿಕೊಂಡಿದ್ದ. ಇಂಗ್ಲೆಂಡಿನ ಗಿರಣಿಗಳಲ್ಲಿ ಗೋಡೆಯುದ್ದಕ್ಕೂ ಹಬೆಯ ಕೊಳವೆ ಹಾಯಿಸುವುದು ಆಮೇಲೆ ಸಾಮಾನ್ಯವಾಯಿತು. ಲಂಡನ್ನಿನಲ್ಲಿ ಬಿಸಿನೀರ ಕೊಳವೆಗಳ ಕೆಲಸ ನಡೆಸುತ್ತಿದ್ದ ಪರ್ಕಿನ್ಸ್ ಬಳಿ ಪಳಗಿದ ಜೋಸೆಫ್ ನೇಸನ್ ಅಮೆರಿಕಕ್ಕೆ ಮರಳಿ, 1842ರಲ್ಲಿ ವಾಲ್ವರ್ತ್ ಎಂಬಾತನ ಜೊತೆ ಸೇರಿ ಈ ಉದ್ಯಮ ಶುರುಮಾಡಿದ. 1854ರಲ್ಲಿ ಕನೆಕ್ಟಿಕಟ್‌ನ ಸ್ಟೀಫನ್ ಗೋಲ್ಡ್ ಎರಡು ಕಬ್ಬಿಣದ ತಗಡುಗಳನ್ನು ಅಲ್ಲಲ್ಲಿ ಗುಳಿಬೀಳಿಸಿ ರಿವೆಟ್ ಹೊಡೆದು ಸೇರಿಸಿದ ಹಬೆಪೆಟ್ಟಿಗೆಗೆ ಪೇಟೆಂಟ್ ಪಡೆದ. ನೋಡಲು ಹಾಸಿಗೆಯಂತಿದ್ದುದರಿಂದ ಜನ ಅದನ್ನು ಹಾಸಿಗೆ ರೇಡಿಯೇಟರ್ ಎಂದೇ ಕರೆದರು. ಅದೇ ದಶಕದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ರಾಂಜ್ ಸಾನ್ ಗಲ್ಲಿ ಬಿಸಿನೀರಿನ ಎರಕದ ಪೆಟ್ಟಿಗೆ ಮಾಡಿದ. ರೇಡಿಯೇಟರಿನ ಜನಕ ಯಾರು ಎಂಬ ಜಗಳದಲ್ಲಿ ಅವನ ಹೆಸರು ಇಂದಿಗೂ ಮುಂದೆ ನಿಲ್ಲುತ್ತದೆ, ನ್ಯಾಯವಾಗಿಯೇ. ನೇಸನ್ ಮತ್ತು ರಾಬರ್ಟ್ ಬ್ರಿಗ್ಸ್ 1863ರಲ್ಲಿ ಎರಕದ ಪೀಠದ ಮೇಲೆ ಕಬ್ಬಿಣದ ಕೊಳವೆಗಳನ್ನು ನೆಟ್ಟಗೆ ತಿರುಪಿ ನಿಲ್ಲಿಸಿದ ಮಾದರಿಗೆ ಪೇಟೆಂಟ್ ಪಡೆದರು. ಈ ಮೊದಲ ತಲೆಮಾರಿನ ರೇಡಿಯೇಟರುಗಳ ಮೈಯಲ್ಲಿ ಹೂವಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಲಂಕಾರದ ಹುಚ್ಚು ಆ ಕಾಲಕ್ಕೂ ಕಡಿಮೆಯಿರಲಿಲ್ಲ. ಆದರೆ ಈ ಉಪಕರಣಗಳು ಸಿರಿವಂತರ ಮನೆಯಲ್ಲಿ ಎಷ್ಟೋ ಸಲ ಕಣ್ಣಿಗೇ ಬೀಳುತ್ತಿರಲಿಲ್ಲ. ಅವನ್ನು ನೆಲಮಾಳಿಗೆಯ ತಾರಸಿಗೆ ನೇತುಹಾಕಿ, ಕಾದ ಗಾಳಿಯನ್ನಷ್ಟೇ ನೆಲದ ಜಾಲರಿಯಿಂದ ಮೇಲೆ ಬಿಡುತ್ತಿದ್ದರು; ಕೋಣೆಯಲ್ಲೇ ಇಟ್ಟರೆ ಜಾಲರಿಯ ಮರೆ ಕಟ್ಟಿ, ಮೇಲೆ ಅಮೃತಶಿಲೆಯ ಹಲಗೆ ಹೊದಿಸುತ್ತಿದ್ದರು. ಮರೆಯಲ್ಲಿದ್ದಷ್ಟು ಕಾಲ ಅದಕ್ಕೆ ಅಲಂಕಾರ ಬೇಕಾಗಲಿಲ್ಲ.

ಮರೆಮಾಡುವುದಕ್ಕೆ ಕಾರಣವೂ ಇತ್ತು. ಚಳಿದೇಶದ ಮನೆಗೆ ಬೆಂಕಿಗೂಡು ಎಂದರೆ ಬರೀ ಶಾಖದ ಮೂಲವಲ್ಲ. ಮನೆಮಂದಿ ಮುಖ ಮಾಡಿ ಕೂರುವ ದಿಕ್ಕು ಅದು. ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್ 1843ರಲ್ಲಿ ‘ಫೈರ್ ವರ್ಶಿಪ್’ ಎಂಬ ಪ್ರಬಂಧ ಬರೆದು, ತೆರೆದ ಬೆಂಕಿಯ ಜಾಗಕ್ಕೆ ಮುಚ್ಚಿದ ಕಬ್ಬಿಣದ ಒಲೆ ಬಂದುದಕ್ಕೇ ದುಃಖಪಟ್ಟಿದ್ದ. ಒಲೆಯಲ್ಲಾದರೂ ಕಿಂಡಿಯಿಂದ ಕೆಂಡ ಕಾಣುತ್ತಿತ್ತು. ಹಬೆ ಬಂದರೆ ಅದೂ ಇಲ್ಲ. ಇದರ ಜೊತೆಗೆ ಬಾಯ್ಲರಿನ ಭಯ. 1850ರಲ್ಲಿ ನ್ಯೂಯಾರ್ಕಿನ ಹೇಗ್ ಸ್ಟ್ರೀಟಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದು 60ಕ್ಕೂ ಹೆಚ್ಚು ಜನ ಸತ್ತರು. 1865ರಲ್ಲಿ ಮಿಸ್ಸಿಸಿಪ್ಪಿ ನದಿಯಲ್ಲಿ ‘ಸುಲ್ತಾನಾ’ ಎಂಬ ಹಬೆ ದೋಣಿಯ ಬಾಯ್ಲರುಗಳು ಸಿಡಿದಾಗ ಸತ್ತವರು ಸಾವಿರಕ್ಕೂ ಮೇಲೆ. ಮರುವರ್ಷವೇ ಬಾಯ್ಲರುಗಳ ತಪಾಸಣೆಗೂ ವಿಮೆಗೂ ಮೀಸಲಾದ ಕಂಪನಿಯೊಂದು ಹಾರ್ಟ್‌ಫರ್ಡಿನಲ್ಲಿ ಹುಟ್ಟಿಕೊಂಡಿತು. ಮನೆ ಕಾಯಿಸುವ ಹಬೆಗೆ ದೋಣಿ ನಡೆಸುವ ಒತ್ತಡ ಬೇಕಿಲ್ಲ, ಚದರ ಅಂಗುಲಕ್ಕೆ 2 ಪೌಂಡಿನೊಳಗಿನ ಒತ್ತಡ ಸಾಕು ಎಂಬುದು ಎಂಜಿನಿಯರುಗಳಿಗೆ ಗೊತ್ತಿತ್ತು. ಮಕ್ಕಳನ್ನು ಅದರ ಪಕ್ಕದ ಕೋಣೆಯಲ್ಲಿ ಮಲಗಿಸಬೇಕಾದ ತಾಯಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ. ಅವಳ ಮಟ್ಟಿಗೆ ಹಬೆ ಎಂದರೆ ರೈಲು, ದೋಣಿ, ಗಿರಣಿ.

ಹಾಗಾದರೆ ಚಿಕ್ಕದಾಗಿ ಮಾಡಿ ಮೂಲೆಯಲ್ಲಿಡಬಹುದಿತ್ತಲ್ಲ ಎನ್ನಬಹುದು. ಸಾಧ್ಯವಿರಲಿಲ್ಲ. ಆ ಕಾಲದ ವೈದ್ಯರೂ ಸಮಾಜಸುಧಾರಕರೂ ಮುಚ್ಚಿದ ಕೋಣೆಯ ಗಾಳಿಯನ್ನು ವಿಷವೆಂದೇ ನಂಬಿದ್ದರು. ಜನರ ಉಸಿರಿನಿಂದ ಕೆಟ್ಟ ಗಾಳಿಯೇ ಕ್ಷಯಕ್ಕೆ ಕಾರಣವೆಂಬ ಮಾತು ಪ್ರಚಲಿತವಾಗಿತ್ತು. ಸೇನೆಯ ವೈದ್ಯನೂ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಯೋಜಕನೂ ಆಗಿದ್ದ ಜಾನ್ ಷಾ ಬಿಲಿಂಗ್ಸ್ ಗಾಳಿಯಾಟದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಶಾಲೆಗಳಲ್ಲಿ ಒಬ್ಬೊಬ್ಬರಿಗೆ ನಿಮಿಷಕ್ಕೆ 30 ಘನ ಅಡಿ ಹೊಸ ಗಾಳಿ ಬೇಕೆಂಬ ಅಳತೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾನೂನಿನ ಮಟ್ಟಕ್ಕೇ ಏರಿತು. ಹೊರಗೆ ಹಿಮ ಬೀಳುತ್ತಿರುವಾಗ ಅಷ್ಟು ಗಾಳಿ ಒಳಬಿಟ್ಟು ಕೋಣೆಯನ್ನು ಬೆಚ್ಚಗಿಡಬೇಕೆಂದರೆ ರೇಡಿಯೇಟರ್ ದೊಡ್ಡದಿರಲೇಬೇಕು. ಲೆಕ್ಕ ಹೀಗಿದೆ: ಮೂರು ಕಂಬದ, 38 ಅಂಗುಲ ಎತ್ತರದ ಒಂದು ತುಂಡಿಗೆ 5 ಚದರ ಅಡಿ ಕಾವಿನ ಮೈ. ಅಂಥ ಹತ್ತು ತುಂಡು ಸೇರಿಸಿದ ರೇಡಿಯೇಟರ್ ಇಂದಿನ ಅಳತೆಯಲ್ಲಿ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ ಕೊಡುತ್ತದೆ. ಅದಕ್ಕಾಗಿ ಗಂಟೆಗೆ ಐದೂವರೆ ಕಿಲೋದಷ್ಟು ಹಬೆ ಅದರೊಳಗೆ ನೀರಾಗಬೇಕು. ಒಂದೊಂದು ತುಂಡಿನ ತೂಕ ಸುಮಾರು 15 ಕಿಲೋ. ಅಂದರೆ ನಡುಮನೆಗೆ ಬಂದು ಕೂತದ್ದು ಒಂದೂವರೆ ಕ್ವಿಂಟಲ್ ಕಬ್ಬಿಣ, ಅದೂ ಚಳಿಗಾಳಿ ಇಳಿಯುವ ಕಿಟಕಿಯ ಕೆಳಗೆ, ಎಲ್ಲರ ಕಣ್ಣೆದುರಿಗೆ. ಇದನ್ನು ಬಚ್ಚಿಡಲಾಗದು. ಪೀಠೋಪಕರಣದ ಸಾಲಿಗೆ ಸೇರಿಸುವುದೊಂದೇ ದಾರಿ.

ದಾರಿ ತೆರೆದದ್ದು ಎರಕದ ಕಸುಬು. 1870ರ ದಶಕದಲ್ಲಿ ನೆಲ್ಸನ್ ಬಂಡಿ ಎಂಬಾತ ಕೊಳವೆಯ ಬದಲು ಬೀಡುಕಬ್ಬಿಣದ ಕುಣಿಕೆಗಳನ್ನು ಎರಕ ಹೊಯ್ದು ಪೀಠಕ್ಕೆ ತಿರುಪಿದ. ಮೇಲೊಂದು ಜಾಲರಿ ಕೆಲಸದ ಮುಚ್ಚಳ. ಅಲಂಕಾರ ಮೊದಲು ಕಾಣಿಸಿಕೊಂಡದ್ದು ಈ ಮುಚ್ಚಳದಂಥ ಜಾಗದಲ್ಲಿ. ಬಳಿಕ ಪೀಠವೂ ಹೋಗಿ, ಒಂದರ ಪಕ್ಕ ಒಂದು ತುಂಡು ಕೂಡಿಸುವ ಪದ್ಧತಿ ಬಂದಾಗ ಹೂಬಳ್ಳಿ ಮೈಗೇ ಇಳಿಯಿತು. ಈ ತುಂಡನ್ನು ಎರಕ ಹೊಯ್ಯುವುದು ಸುಲಭದ ಮಾತಲ್ಲ. ಹಸಿ ಮರಳನ್ನು ಪೆಟ್ಟಿಗೆಯಲ್ಲಿ ತುಂಬಿ ದಮ್ಮಸು ಮಾಡಿ, ತುಂಡಿನದೇ ಆಕಾರದ ಮಾದರಿಯಾದ ಪ್ಯಾಟರ್ನಿನ ಗುರುತು ಒತ್ತಿ, ಮೇಲರ್ಧ ಕೆಳಗರ್ಧವೆಂದು ಅಚ್ಚು ಎರಡು ಭಾಗವಾಗುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಳಗಿನ ಪೊಳ್ಳಿಗೆಂದು ಎಣ್ಣೆ ಬೆರೆಸಿದ ಮರಳಿನಿಂದ ಕೋರ್ ಮಾಡಿ, ಗೂಡಿನಲ್ಲಿ ಬೇಯಿಸಿ ಗಟ್ಟಿಮಾಡಿ, ಅಚ್ಚಿನ ನಡುವೆ ಮಲಗಿಸಬೇಕು. ಅದು ಎಲ್ಲೂ ಗೋಡೆ ಮುಟ್ಟದೆ ನಿಲ್ಲಲು ಚಾಪ್ಲೆಟ್ ಎಂಬ ತವರ ಬಳಿದ ಚಿಕ್ಕ ಕಬ್ಬಿಣದ ಆನಿಕೆಗಳನ್ನು ಇಡುತ್ತಿದ್ದರು. ಕರಗಿದ ಕಬ್ಬಿಣ ಸುತ್ತ ಹರಿದಾಗ ಅವೂ ಅದರೊಳಗೆ ಬೆಸೆದುಹೋಗಬೇಕು. ಬೆಸೆಯದಿದ್ದರೆ ಆ ಜಾಗದಲ್ಲೇ ಹಬೆ ಸೋರುತ್ತದೆ. ತೆಳು ಗೋಡೆಯ ಮೂಲೆಮೂಲೆಗೂ ಹರಿಯಲೆಂದು ರಂಜಕ ಹೆಚ್ಚಿರುವ ಕಬ್ಬಿಣ ಆರಿಸಿಕೊಳ್ಳುತ್ತಿದ್ದರು, ಏಕೆಂದರೆ ಅದು ನೀರಿನಂತೆ ತೆಳ್ಳಗೆ ಹರಿಯುತ್ತದೆ. ಆರಿದ ಮೇಲೆ ಒಳಮರಳನ್ನು ಕುಟ್ಟಿ ಉದುರಿಸಿ, ಒತ್ತಡ ತುಂಬಿ ಸೋರಿಕೆ ಪರೀಕ್ಷಿಸಿ, ತುಂಡುಗಳ ನಡುವೆ ನಿಪ್ಪಲ್ ಎಂಬ ಗಿಡ್ಡ ಜೋಡುಕೊಳವೆ ಕೂರಿಸಿ, ಉದ್ದನೆಯ ಸರಳಿನಿಂದ ಬಿಗಿಯುತ್ತಿದ್ದರು.

ಹೂಬಳ್ಳಿಯ ಆಕಾರವನ್ನೂ ಮರಳೇ ತೀರ್ಮಾನಿಸಿತು. ಪ್ಯಾಟರ್ನನ್ನು ಮರಳಿನಿಂದ ನೆಟ್ಟಗೆ ಮೇಲೆತ್ತುವಾಗ ಅಂಚು ಕುಸಿಯಬಾರದು; ಆದ್ದರಿಂದ ಉಬ್ಬುಗಳೆಲ್ಲ ಇಳಿಜಾರಾಗಿರಬೇಕು, ಒಳಗೆ ಕೊಂಡಿ ಹಾಕುವ ಕೊರೆತ ಎಲ್ಲೂ ಇರಕೂಡದು. ಮರದ ಕೆತ್ತನೆಗಾರ ಬಿಡಿಸುವಂತೆ ಎಲೆಯ ತುದಿಯನ್ನು ಬುಡದಿಂದ ಬಿಡಿಸಿ ಗಾಳಿಯಲ್ಲಿ ನಿಲ್ಲಿಸಲು ಇಲ್ಲಿ ಬಾರದು. ಹಾಗಾಗಿ ರೇಡಿಯೇಟರಿನ ಎಲೆಗಳು ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟ ಎಲೆಗಳಂತೆ ಮೈಗೆ ಅಂಟಿಕೊಂಡೇ ಇರುತ್ತವೆ. ತುಂಡನ್ನು ಮಲಗಿಸಿ ಹೊಯ್ಯುವುದರಿಂದ ಅಚ್ಚಿನ ಎರಡು ಅರ್ಧಗಳು ಕೂಡುವ ಗೆರೆ ಕೋಣೆಯ ಕಡೆಗಿರುವ ಅಂಚಿನ ನಡುಮಧ್ಯದಲ್ಲಿ ಹಾದುಹೋಗುತ್ತದೆ. ಕುಶಲಿಯಾದ ವಿನ್ಯಾಸಕಾರ ಅದೇ ಗೆರೆಯನ್ನು ಬಳ್ಳಿಯ ದಂಟಾಗಿಸಿ, ಎರಡೂ ಕಡೆಗೆ ಎಲೆ ಚಿಗುರಿಸುತ್ತಾನೆ; ಉಜ್ಜಿ ತೆಗೆದರೂ ಉಳಿಯುವ ಕೂಡುಗೆರೆ ದಂಟಿನಲ್ಲಿ ಕರಗಿಹೋಗುತ್ತದೆ. ಕೊನೆಯ ತುಂಡಿನ ಅಗಲವಾದ ಮುಖ ಪೂರ್ತಿ ಕಾಣುವುದರಿಂದ ಅತ್ಯಂತ ತುಂಬಿದ ಕೆಲಸ ಅಲ್ಲಿ. ಇನ್ನೊಂದು ಲಾಭವೂ ಇದೆ. ತೆಳ್ಳಗಿನ ನಯವಾದ ಎರಕದ ಮೇಲೆ ಪ್ರತಿಯೊಂದು ಗುಳಿಯೂ, ಕಬ್ಬಿಣ ತಣಿದ ಪ್ರತಿಯೊಂದು ಅಲೆಯೂ ಎದ್ದು ಕಾಣುತ್ತದೆ. ಉಬ್ಬುಕೆಲಸವಿದ್ದರೆ ಕಣ್ಣು ಅಂಥ ದೋಷಗಳಲ್ಲಿ ನಿಲ್ಲುವುದಿಲ್ಲ. ಎರಕದವನ ದೃಷ್ಟಿಯಿಂದ ಚೆನ್ನಾಗಿ ಕಾಣುವ ನಯವಾದ ತುಂಡು ಮಾಡುವುದೇ ಹೆಚ್ಚು ಕಷ್ಟ.

1910ರ ಸುಮಾರಿಗೆ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವನ್ನು ಅಪರಾಧಕ್ಕೆ ತಳಕು ಹಾಕಿ ಮಾತಾಡಿದಾಗ ಅವನ ಮುಖ್ಯ ಆಕ್ಷೇಪ ನೈತಿಕವಾದದ್ದು, ಅದೇ ಹೊತ್ತಿಗೆ ಆರ್ಥಿಕವೂ ಹೌದು: ಅಲಂಕಾರಕ್ಕೆ ಸುರಿದ ದುಡಿಮೆಯೂ ಸಾಮಗ್ರಿಯೂ ಪೋಲು. ಕೈಯಿಂದ ಕೆತ್ತಿದ ಕುರ್ಚಿಗೆ ಈ ಮಾತು ಹೊಂದೀತು. ಎರಕಕ್ಕೆ ಅಷ್ಟಾಗಿ ಹೊಂದದು. ಇಲ್ಲಿ ಕೆತ್ತನೆಯ ದುಡಿಮೆ ಒಂದೇ ಸಲ, ಪ್ಯಾಟರ್ನಿನಲ್ಲಿ. ಮೊದಲು ಮರದಲ್ಲಿ ಕೆತ್ತಿ, ಅದರಿಂದ ಲೋಹದ ಪ್ಯಾಟರ್ನ್ ಹೊಯ್ದು, ಅದನ್ನು ತಿದ್ದಿ ನುಣುಪು ಮಾಡಿದ ಮೇಲೆ ಸಾವಿರ ತುಂಡು ಹೊಯ್ದರೂ ಸಾವಿರದನೆಯ ಎಲೆಗೆ ಹೊಸದಾಗಿ ಉಳಿ ಹಿಡಿಯಬೇಕಿಲ್ಲ. ನಯವಾದ ತುಂಡಿಗೂ ಹೂವುಳ್ಳದ್ದಕ್ಕೂ ಅದೇ ಮರಳು, ಅದೇ ಕೋರ್, ಅದೇ ಕುಲುಮೆ. ಹೆಚ್ಚು ಬೀಳುವುದು ಸ್ವಲ್ಪ ಕಬ್ಬಿಣ, ಮತ್ತು ಎಲೆಯ ಸಂದಿಯಲ್ಲಿ ಕೂತ ಮರಳನ್ನು ಕೆರೆದು ತೆಗೆಯುವವನ ಒಂದಿಷ್ಟು ಹೊತ್ತು. ಆ ಕೊನೆಯ ಖರ್ಚನ್ನು ಹಗುರವಾಗಿ ನೋಡಲಾರೆ. ಕೆರೆಯುವಾಗ ಏಳುವ ಮರಳಿನ ಧೂಳು ಶ್ವಾಸಕೋಶ ಹಾಳುಮಾಡುವಂಥದ್ದು, ಆ ಬೆಲೆ ಯಾವ ಕ್ಯಾಟಲಾಗಿನಲ್ಲೂ ಅಚ್ಚಾಗಲಿಲ್ಲ. ಆದರೆ ನಯವಾದ ತುಂಡು ಹೊಯ್ಯುವವನೂ ಅದೇ ಧೂಳಿನಲ್ಲೇ ನಿಂತಿದ್ದ. ಅವನ ಕಷ್ಟಕ್ಕೆ ಹೂಬಳ್ಳಿ ಕಾರಣವಲ್ಲ.

ಇನ್ನೊಂದು ವಿವರಣೆ ಮೊದಲ ನೋಟಕ್ಕೆ ವೈಜ್ಞಾನಿಕವಾಗಿ ಕಾಣುತ್ತದೆ. ಉಬ್ಬುತಗ್ಗುಗಳಿಂದ ಮೈಯ ವಿಸ್ತಾರ ಹೆಚ್ಚುತ್ತದೆ, ವಿಸ್ತಾರ ಹೆಚ್ಚಿದರೆ ಶಾಖ ಹೆಚ್ಚು, ಆದ್ದರಿಂದ ಹೂಬಳ್ಳಿ ಎಂಜಿನಿಯರನ ಉಪಾಯ ಎಂಬುದು ಆ ವಾದ. ತಯಾರಕರ ಲೆಕ್ಕಪಟ್ಟಿಯೇ ಇದನ್ನು ಅಲ್ಲಗಳೆಯುತ್ತದೆ. ಅಮೆರಿಕನ್ ರೇಡಿಯೇಟರ್ ಕಂಪನಿಯ ಹೂವು ತುಂಬಿದ ‘ರೊಕೋಕೊ’ ಮಾದರಿಗೂ ನಯವಾದ ‘ಪೀರ್ಲೆಸ್’ ಮಾದರಿಗೂ 38 ಅಂಗುಲದ ಮೂರು ಕಂಬದ ತುಂಡಿಗೆ ಹಾಕಿದ್ದು ಅದೇ 5 ಚದರ ಅಡಿ. ಕೆಲವೇ ಮಿಲಿಮೀಟರ್ ಎದ್ದ ಎಲೆಯ ಸಂದುಗಳು ಬೀರುವ ಶಾಖವನ್ನು ಪಕ್ಕದ ಎಲೆಯೇ ಹೀರಿಕೊಳ್ಳುತ್ತದೆ. ಲೆಕ್ಕಕ್ಕೆ ಬರುವುದು ಒಟ್ಟಾರೆ ಹೊರಮೈ ಮತ್ತು ತುಂಡುಗಳ ನಡುವೆ ಗಾಳಿ ಏರುವ ಸಂದು. ಹೊರಮೈಯ ಮಹತ್ವ ಎಷ್ಟೆಂಬುದು ಬಣ್ಣದ ವಿಷಯದಲ್ಲಿ ಇನ್ನೂ ಸ್ಪಷ್ಟವಾಯಿತು. ಮಿಶಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಆರ್. ಅಲೆನ್ ನಡೆಸಿದ ಪರೀಕ್ಷೆಗಳಲ್ಲಿ ಕಂಡದ್ದು, ಕಂಚು ಅಥವಾ ಅಲ್ಯೂಮಿನಿಯಂ ಪುಡಿಯ ಬಣ್ಣ ಬಳಿದರೆ ರೇಡಿಯೇಟರಿನ ಶಾಖ ಸುಮಾರು ಐದನೇ ಒಂದು ಪಾಲಿನಷ್ಟು ಇಳಿಯುತ್ತದೆ, ಕೆಳಗೆ ಎಷ್ಟು ಪದರಗಳಿದ್ದರೂ ಕೊನೆಯ ಪದರವೇ ನಿರ್ಣಾಯಕ. ಹೂಬಳ್ಳಿಯ ಉಬ್ಬು ಎದ್ದು ಕಾಣಲೆಂದು ಜನ ಬಳಿಸುತ್ತಿದ್ದುದು ಇದೇ ಹೊಳೆಯುವ ಬಣ್ಣಗಳನ್ನು. ಶಾಖವೊಂದೇ ಗುರಿಯಾಗಿದ್ದರೆ ಆ ಬಣ್ಣ ಬಳಿಯಬಾರದಿತ್ತು. ಅಂದ ಬೇಕಾಗಿತ್ತು, ಅದಕ್ಕೆ ಶಾಖದ ಬೆಲೆ ತೆತ್ತರು.

ಬಲವಾದ ಆಕ್ಷೇಪ ಬೇರೆಯದೇ. ಆ ಕಾಲದಲ್ಲಿ ಹೊಲಿಗೆ ಯಂತ್ರಕ್ಕೂ ಅಂಗಡಿಯ ಗಲ್ಲಾ ಯಂತ್ರಕ್ಕೂ ಹೂವಿನ ಅಲಂಕಾರವಿತ್ತಲ್ಲ, ರೇಡಿಯೇಟರಿಗೆ ಪ್ರತ್ಯೇಕ ಕಾರಣ ಏಕೆ ಹುಡುಕಬೇಕು? ಈ ಪಟ್ಟಿಯನ್ನೇ ಸರಿಯಾಗಿ ನೋಡೋಣ. ಹೊಲಿಗೆ ಯಂತ್ರವೂ ಕಾರ್ಖಾನೆಯಿಂದ ಮನೆಗೆ ಬಂದದ್ದು, ಗಲ್ಲಾ ಯಂತ್ರವೂ ಗಿರಾಕಿಯ ಮುಖಕ್ಕೆ ನಿಲ್ಲುವಂಥದ್ದು. ಜನರ ನಡುವೆ ಹೊಸದಾಗಿ ಬಂದು ನಿಲ್ಲಬೇಕಾದ ಯಂತ್ರಗಳವು. ಅದೇ ಕಾಲದಲ್ಲಿ ಅದೇ ತಯಾರಕರು ಕಾರ್ಖಾನೆಯ ಗೋಡೆಗೆಂದು ಮಾಡಿದ ರೇಡಿಯೇಟರುಗಳು ಬೋಳಾಗಿವೆ. ಆಸ್ಪತ್ರೆಗೆ ಮಾಡಿದವುಗಳ ಮೈ ನಯ, ತುಂಡುಗಳ ನಡುವೆ ಒರೆಸಲು ಕೈ ಹೋಗುವಷ್ಟು ಸಂದು. ಕೆಲವನ್ನು ಹಿಂದಿನ ಗೋಡೆ ತೊಳೆಯಲು ಅನುಕೂಲವಾಗಲೆಂದು ಬಾಗಿಲಿನಂತೆ ತಿರುಗುವ ಹಾಗೆ ಮಾಡುತ್ತಿದ್ದರು. ಊಟದ ಮನೆಗೆ ಮಾತ್ರ ನಡುವೆ ಗೂಡಿರುವ, ತಟ್ಟೆಗಳನ್ನು ಬೆಚ್ಚಗಿಡುವ ಬಾಗಿಲುಗಳಿಗೂ ಉಬ್ಬುಕೆಲಸವಿದ್ದ ರೇಡಿಯೇಟರ್; ಮುಂಚಾಚಿದ ಕಿಟಕಿಗೆ ಬಾಗಿದ್ದು, ಮೆಟ್ಟಿಲ ಪಕ್ಕಕ್ಕೆ ಇಳಿಜಾರಾದದ್ದು. ಕಾಲದ ಅಭಿರುಚಿಯೊಂದೇ ಕಾರಣವಾಗಿದ್ದರೆ ಅಲಂಕಾರ ಎಲ್ಲೆಡೆ ಹರಡಿರಬೇಕಿತ್ತು. ಅದು ಬಿದ್ದದ್ದು ಮನೆಯೊಡತಿಯ ಒಪ್ಪಿಗೆ ಬೇಕಾದಲ್ಲಿ.

ಈ ಒಪ್ಪಿಗೆಯ ಮಾರುಕಟ್ಟೆ ಎಷ್ಟು ದೊಡ್ಡದೆಂಬುದು ಬೇಗನೆ ತಿಳಿಯಿತು. 1892ರಲ್ಲಿ ಡೆಟ್ರಾಯಿಟಿನ ಎರಡು ಕಂಪನಿಗಳೂ ಬಫೆಲೊದ ಪಿಯರ್ಸ್ ಕಂಪನಿಯೂ ಒಂದಾಗಿ ಅಮೆರಿಕನ್ ರೇಡಿಯೇಟರ್ ಕಂಪನಿಯಾದವು. 1899ರಲ್ಲಿ ಇನ್ನಷ್ಟು ಫೌಂಡ್ರಿಗಳು ಅದರೊಳಗೆ ಸೇರಿದವು. ಕ್ಲಾರೆನ್ಸ್ ವೂಲಿಯ ಮುಂದಾಳುತನದಲ್ಲಿ ಅದು ಫ್ರಾನ್ಸಿನ ದೋಲ್, ಇಂಗ್ಲೆಂಡಿನ ಹಲ್, ಜರ್ಮನಿಯ ಶೋನೆಬೆಕ್ ಪಟ್ಟಣಗಳಲ್ಲೂ ಕುಲುಮೆ ಹೂಡಿತು.

ಅಲಂಕಾರ ಹೋದ ಬಗೆಯೇ ನನ್ನ ವಾದಕ್ಕೆ ಸಿಗುವ ಅತ್ಯುತ್ತಮ ಸಾಕ್ಷ್ಯ. 1920ರ ದಶಕಕ್ಕೆ ಬರುವಾಗ ದಪ್ಪ ಕಂಬಗಳ ಬದಲು ಸಪೂರ ಕೊಳವೆಗಳ ಬೋಳು ರೇಡಿಯೇಟರುಗಳು ಬಂದವು. ಅಮೆರಿಕನ್ ರೇಡಿಯೇಟರಿನ ‘ಕಾರ್ಟೊ’ ಇವುಗಳಲ್ಲಿ ಹೆಸರಾದದ್ದು. ಸಪೂರ ಕೊಳವೆಗೆ ಕಬ್ಬಿಣ ಕಡಿಮೆ, ಜಾಗ ಕಡಿಮೆ, ಬೇಗ ಕಾಯುತ್ತದೆ. ಹೂವಿಗೆ ಅದರಲ್ಲಿ ಸ್ಥಳವೂ ಕಡಿಮೆ, ಒಪ್ಪುತ್ತೇನೆ. ಆದರೂ ಕೊನೆಯ ತುಂಡಿನ ಮುಖ ಅಲ್ಲೇ ಇತ್ತು, ತಲೆಗಟ್ಟು ಅಲ್ಲೇ ಇತ್ತು, ಎರಕದಲ್ಲಿ ಅಲಂಕಾರ ಎಂದಿನಷ್ಟೇ ಅಗ್ಗವಾಗಿತ್ತು. ಅಗ್ಗವಾಗಿರುವುದೇ ಕಾರಣವಾಗಿದ್ದರೆ ಅದು ಹೋಗಬೇಕಿರಲಿಲ್ಲ. ಜನರ ಅಭಿರುಚಿ ಬೋಳಾಯಿತೇ ಎಂದರೆ ಅದೂ ಪೂರ್ತಿ ನಿಜವಲ್ಲ. ಇದೇ ಕಂಪನಿ 1924ರಲ್ಲಿ ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಎದುರು ರೇಮಂಡ್ ಹುಡ್ ವಿನ್ಯಾಸದ ಗೋಪುರ ಕಟ್ಟಿಸಿತು. ಕಪ್ಪು ಇಟ್ಟಿಗೆಯ ಮೈ, ನೆತ್ತಿಯಲ್ಲಿ ಚಿನ್ನದ ಬಣ್ಣದ ಕುಸುರಿ. ಅಲಂಕಾರ ಜನರಿಗೆ ಇನ್ನೂ ಬೇಕಿತ್ತು, ಕಂಪನಿಗೂ ಬೇಕಿತ್ತು, ರೇಡಿಯೇಟರಿಗೆ ಮಾತ್ರ ಬೇಡವಾಯಿತು. ಅಷ್ಟರಲ್ಲಿ ಹಬೆಯ ಮನೆಯಲ್ಲೇ ಹುಟ್ಟಿ ಬೆಳೆದ ತಲೆಮಾರೊಂದು ಸಂಸಾರ ಹೂಡಿತ್ತು. ಬಾಯ್ಲರುಗಳಿಗೆ ನಿಯಮಗಳು ಬಂದಿದ್ದವು. 1905ರಲ್ಲಿ ಮ್ಯಾಸಚೂಸೆಟ್ಸಿನ ಬ್ರಾಕ್ಟನ್‌ನಲ್ಲಿ ಬೂಟಿನ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ಸತ್ತ ಬಳಿಕ ಬಿಗಿಯಾದ ಕಾನೂನುಗಳೇ ಆದವು. ಈ ತಲೆಮಾರಿಗೆ ರೇಡಿಯೇಟರನ್ನು ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಅವರು ಅದರ ಮೇಲೆ ತಗಡಿನ ಪೆಟ್ಟಿಗೆ ಹೊದಿಸಿ ಮರೆಮಾಡಿದರು. ಗೋಲ್ಡ್ ಕಾಲದವರು ಅಪರಿಚಿತವೆಂದು ಮರೆಮಾಡಿದ್ದರು, ಇವರು ತೀರ ಪರಿಚಿತವೆಂದು.

ಇಂದು ಹಳೆಯ ಮನೆಗಳನ್ನು ಜೀರ್ಣೋದ್ಧಾರ ಮಾಡುವವರು ಹೂಬಳ್ಳಿಯ ರೇಡಿಯೇಟರನ್ನು ಹುಡುಕಿಕೊಂಡು ಹೋಗುತ್ತಾರೆ, ಹೊಸದಾಗಿ ಎರಕ ಹೊಯ್ದವನ್ನೂ ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಇದನ್ನು ನೋಡಿ, ಅಲಂಕಾರ ಯಾವಾಗಲೂ ಅಂದಕ್ಕೇ ಇತ್ತಲ್ಲವೇ ಎಂದರೆ, ಇಂದಿನ ಕೊಳ್ಳುಗನ ಕಾರಣವನ್ನು ಅಂದಿನವರ ಮೇಲೆ ಹೊರಿಸಿದಂತಾಗುತ್ತದೆ. ಇಂದು ಅದು ಗತಕಾಲದ ಗುರುತಾಗಿ ಬೇಕಾಗಿದೆ. ಅಂದು ಅದು ಊರಿಗೇ ಹೊಸತು. ಅಂದಿನ ಕಸುಬು ಎಷ್ಟು ಲೆಕ್ಕಾಚಾರದ್ದೆಂಬುದು ನಕಲು ಮಾಡಲು ಹೊರಟಾಗ ಗೊತ್ತಾಗುತ್ತದೆ. ಬೀಡುಕಬ್ಬಿಣ ತಣಿಯುವಾಗ ಅಡಿಗೆ ಸುಮಾರು ಅಂಗುಲದ ಎಂಟನೇ ಒಂದು ಭಾಗ ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಕೆಲಸದವರ ಅಳತೆಪಟ್ಟಿಯೇ ಅಷ್ಟು ಉದ್ದವಾಗಿರುತ್ತಿತ್ತು. ಮರದಿಂದ ಲೋಹದ ಪ್ಯಾಟರ್ನ್, ಅದರಿಂದ ಕೊನೆಯ ತುಂಡು ಎಂದು ಎರಡು ಸಲ ಕುಗ್ಗುವ ಕಡೆ ಮರದ ಕೆತ್ತನೆಯನ್ನು ಎರಡು ಪಾಲು ಹಿಗ್ಗಿಸಿ ಮಾಡುತ್ತಿದ್ದರು. ಒಡೆದ ಒಂದು ತುಂಡಿನ ಬದಲು ಕೂಡಿಸಲು, ಅದರ ಪಕ್ಕದ ಹಳೆಯ ತುಂಡನ್ನೇ ಪ್ಯಾಟರ್ನಾಗಿ ಮರಳಿಗೆ ಒತ್ತಿ ಹೊಯ್ದರೆ ಎಲೆ, ಬಳ್ಳಿ, ದಂಟು ಎಲ್ಲವೂ ಚೆನ್ನಾಗಿಯೇ ಮೂಡುತ್ತವೆ. ಆದರೆ ಮೇಲಿನ ಮತ್ತು ಕೆಳಗಿನ ನಿಪ್ಪಲ್ ತೂತುಗಳ ನಡುವಿನ ಅಂತರ ಎರಡೂವರೆ ಅಡಿಗೆ ಅಂಗುಲದ ಮೂರನೇ ಒಂದು ಭಾಗದ ಹತ್ತಿರಹತ್ತಿರ ಕಡಿಮೆ ಬೀಳುತ್ತದೆ, ಹಳೆಯ ಸಾಲಿಗೆ ಕೂಡುವುದಿಲ್ಲ. ಅದನ್ನು ಕೂಡಿಸಬೇಕಾದರೆ ಮರ ಮತ್ತು ಉಳಿ ಹಿಡಿದು, ಕುಗ್ಗುವುದನ್ನು ಲೆಕ್ಕ ಹಾಕಿಕೊಂಡು, ಆ ಬಳ್ಳಿಯನ್ನು ಮೊದಲಿನಿಂದ ಕೆತ್ತಬೇಕು.